ರೂಪಾಯಿ ಹೋಗಿ ಬಿಟ್‌ಕಾಯಿನ್ ಬಂದರೆ ಸೊಸೈಟಿ ಸಾಲದ ಗತಿ ಏನು?

ಓದುಗರ ಪ್ರಶ್ನೆ, ತಜ್ಞರ ಉತ್ತರ

ದೇಶದ ಅಧಿಕೃತ ಹಣದ ಜಾಗಕ್ಕೆ ಕ್ರಿಪ್ಟೊ (ಬಿಟ್‌ಕಾಯಿನ್‌ನಂಥ, ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ನಾಣ್ಯ) ಬಂದರೆ ಏನಾಗಬಹುದು ಎಂದು ಕೇಳಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಯಾವುದಾದರೂ ದೇಶ ತನ್ನ ಹಣ ಬಿಟ್ಟು ಕ್ರಿಪ್ಟೊಗೆ ಹೋದದ್ದು ಇದೆಯೇ? ಅಲ್ಲಿ ಏನಾಯಿತು?
– ಬಿ.ಕಾಂ. ವಿದ್ಯಾರ್ಥಿನಿ, ತುಮಕೂರು

ಪೂರ್ತಿ ಬಿಟ್ಟ ದೇಶ ಒಂದೂ ಇಲ್ಲ. ಹತ್ತಿರ ಹೋದವು ಎರಡು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್‌ಗೆ ಕಾನೂನುಬದ್ಧ ಹಣದ ಸ್ಥಾನ ಕೊಟ್ಟಿತು. ಅದು 2001ರಲ್ಲೇ ಸ್ವಂತ ಕೊಲೊನ್ ಬದಿಗಿಟ್ಟು ಅಮೆರಿಕದ ಡಾಲರ್ ಹಿಡಿದಿದ್ದ ದೇಶ. ಡಾಲರ್ ಜೊತೆಗೆ ಇದೂ ನಡೆಯಲಿ ಎಂದರು. ಸರ್ಕಾರ ಚಿವೊ ಎಂಬ ವಾಲೆಟ್ (ನಾಣ್ಯ ಇಟ್ಟುಕೊಳ್ಳುವ, ಕಳಿಸುವ ಆ್ಯಪ್) ತಂದು, ಹಾಕಿಕೊಂಡವರಿಗೆ ತಲಾ 30 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಟ್ಟಿತು. ಬಹಳಷ್ಟು ಜನ ಆ 30 ಡಾಲರ್ ಖರ್ಚು ಮಾಡಿದ ಮೇಲೆ ಆ್ಯಪ್ ಕಡೆ ತಿರುಗಿ ನೋಡಲಿಲ್ಲ. ಅಂಗಡಿಯವರು ಬೇಡ ಅನ್ನುವಂತಿಲ್ಲ ಎಂದು ಕಾನೂನು ಹೇಳಿತು, ಆದರೆ ಬೆಲೆಚೀಟಿ ಮಾತ್ರ ಡಾಲರ್‌ನಲ್ಲೇ ಉಳಿಯಿತು. ಕೊನೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಾದ ಐಎಂಎಫ್‌ನಿಂದ 140 ಕೋಟಿ ಡಾಲರ್ ಸಾಲ ಪಡೆಯಲು 2025ರ ಜನವರಿಯಲ್ಲಿ ಕಾನೂನು ತಿದ್ದಿ ಆ ಕಡ್ಡಾಯ ತೆಗೆದರು. ಮಧ್ಯ ಆಫ್ರಿಕಾ ಗಣರಾಜ್ಯ 2022ರ ಏಪ್ರಿಲ್‌ನಲ್ಲಿ ಇಂಥದೇ ಕಾನೂನು ಮಾಡಿ 2023ರ ಮಾರ್ಚ್‌ನಲ್ಲಿ ಹಿಂದಕ್ಕೆ ಪಡೆಯಿತು.

ಆ ಬೆಲೆಚೀಟಿಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಹಣ ಕೈ ಬದಲಾಗುವ ವಸ್ತು ಮಾತ್ರವಲ್ಲ, ಬೆಲೆ, ಕೂಲಿ, ಸಾಲ ಬರೆಯುವ ಅಳತೆಯೂ ಹೌದು. ಮುಂದಿನ ಪತ್ರದ ಪ್ರಶ್ನೆ ನೇರವಾಗಿ ಅದಕ್ಕೇ ಬರುತ್ತದೆ.

ಮಂಡಿಯಲ್ಲಿ ಟೊಮೆಟೊ ದುಡ್ಡೂ ಬಿಟ್‌ಕಾಯಿನ್, ಸೊಸೈಟಿ ಸಾಲವೂ ಬಿಟ್‌ಕಾಯಿನ್ ಅಂತಿಟ್ಟುಕೊಳ್ಳಿ. ಎರಡೂ ಒಂದೇ ಆದ ಮೇಲೆ ಬೆಳೆಗಾರನಿಗೆ ವ್ಯತ್ಯಾಸ ಏನು?
– ಟೊಮೆಟೊ ಬೆಳೆಗಾರರು, ಮುಳಬಾಗಿಲು

ಸಾಲ ತಂದ ದಿನಕ್ಕೂ ತೀರಿಸುವ ದಿನಕ್ಕೂ ನಡುವೆ ಇರುವ ತಿಂಗಳುಗಳಲ್ಲಿ ವ್ಯತ್ಯಾಸ ಇದೆ. ಲೆಕ್ಕ ಹಾಕಿ ನೋಡೋಣ, ಅಂಕಿಗಳು ಊಹೆಯವು. ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸತೋಶಿ, ಅದು ಅದರ ಚಿಲ್ಲರೆ. ಸಸಿ, ಡ್ರಿಪ್, ಕಡ್ಡಿ, ದಾರ, ಔಷಧಿ ಎಲ್ಲಾ ಸೇರಿ ನಾಟಿ ಹೊತ್ತಿಗೆ 3,00,000 ಸತೋಶಿ ಸಾಲ ತಂದಿರಿ. ಅವತ್ತು 15 ಕೆ.ಜಿ. ಬಾಕ್ಸ್‌ಗೆ 500 ಸತೋಶಿ. ಅಂದರೆ ನಿಮ್ಮ ತಲೆ ಮೇಲಿನ ಸಾಲ 600 ಬಾಕ್ಸ್.

ನಾಟಿಯಾಗಿ ಮೊದಲ ಕೊಯ್ಲಿಗೆ ಸುಮಾರು 70 ದಿನ, ಕೊನೆಯ ಕೊಯ್ಲಿಗೆ ನಾಲ್ಕು ತಿಂಗಳು. ಅಷ್ಟರಲ್ಲಿ ನಾಣ್ಯದ ಬೆಲೆ ಒಂದೂವರೆ ಪಟ್ಟಾಯಿತು ಎನ್ನಿ. ನಾಣ್ಯ ದುಬಾರಿಯಾದರೆ ಅದರ ಲೆಕ್ಕದಲ್ಲಿ ಸರಕು ಅಗ್ಗ. ಮಂಡಿಯಲ್ಲಿ ಬಾಕ್ಸ್ 333 ಸತೋಶಿಗೆ ಕೂಗುತ್ತಾರೆ. ಟೊಮೆಟೊಗೆ ಬೇಡಿಕೆ ಕುಸಿದಿಲ್ಲ, ರೋಗ ಬಂದಿಲ್ಲ, ಬೆಳೆ ಚೆನ್ನಾಗಿದೆ. ಆದರೂ ಅದೇ 3,00,000 ತೀರಿಸಲು ಈಗ 900 ಬಾಕ್ಸ್ ಬೇಕು. ಆ 300 ಬಾಕ್ಸ್ ಬೆಳೆಯಲು ನಿಮ್ಮ ಬಳಿ ಬೇರೆ ಹೊಲ ಇಲ್ಲ.

ಹರಾಜಿನ ಬೆಲೆ ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ, ಬರೆದಿಟ್ಟ ಲೆಕ್ಕ ಇಳಿಯುವುದಿಲ್ಲ. ಸಾಲ, ಜಮೀನಿನ ಗುತ್ತಿಗೆ, ಮಾತಾಡಿದ ಕೂಲಿ ಎಲ್ಲವೂ ಹಾಗೇ ನಿಂತಿರುತ್ತವೆ. ಒಂದೂವರೆ ಪಟ್ಟು ಎಂದದ್ದು ಹೆದರಿಸಲಿಕ್ಕಲ್ಲ. 2023ರ ಜನವರಿ ಮೊದಲಿಗೆ ಬಿಟ್‌ಕಾಯಿನ್ ಸುಮಾರು 16,500 ಡಾಲರ್ ಇತ್ತು, ಅದೇ ವರ್ಷದ ಕೊನೆಗೆ 42,000 ಡಾಲರ್ ಆಗಿತ್ತು. ಎರಡೂವರೆ ಪಟ್ಟು. ಆ ವರ್ಷ ಅದರಲ್ಲಿ ಸಾಲ ಬರೆದಿದ್ದರೆ ಸಾಲಗಾರ ಏಳುತ್ತಿರಲಿಲ್ಲ.

ಬಿಟ್‌ಕಾಯಿನ್ ಬೆಲೆ ಬಿದ್ದರೆ ನಿಮಗೆ ಲಾಭವಲ್ಲವೇ ಎಂದರೆ, ಒಂದು ಸಲ ಹೌದು. 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರ ಇದ್ದದ್ದು ವರ್ಷದೊಳಗೆ 16,000ಕ್ಕಿಂತ ಕೆಳಗೆ ಬಂತು. ಆಗ ಮುಳುಗುವುದು ಸಾಲ ಕೊಟ್ಟವರು. ಒಮ್ಮೆ ಕೈ ಸುಟ್ಟುಕೊಂಡ ಸೊಸೈಟಿ ಮರುವರ್ಷ ಸಾಲವನ್ನೇ ಕೊಡುವುದಿಲ್ಲ, ಕೊಟ್ಟರೂ ಅದರ ಬಡ್ಡಿ ನಿಮ್ಮಿಂದ ಕಟ್ಟಿ ಪೂರೈಸಲಾಗುವುದಿಲ್ಲ. ಈಗ ರಾಜ್ಯದಲ್ಲಿ ಸಹಕಾರ ಸಂಘಗಳಿಂದ 5 ಲಕ್ಷ ರೂ.ವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಇದೆ. ಬೀಳುವ, ಏಳುವ ಅಳತೆಯಲ್ಲಿ ಬಡ್ಡಿ ಸೊನ್ನೆ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಟೊಮೆಟೊ ಬೆಲೆ ಈಗಲೂ ಜೋಕಾಲಿ ಆಡುವುದಿಲ್ಲವೇ ಎಂದು ಕೇಳಬಹುದು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂ. ದಾಟಿದ್ದು ಎಲ್ಲರಿಗೂ ನೆನಪಿದೆ. ಅದು ಟೊಮೆಟೊ ಒಂದರ ಏರಿಳಿತ. ಬೀನ್ಸ್, ಕೋಸು, ಹಾಲು ನಿಮ್ಮನ್ನು ಹಿಡಿದು ನಿಲ್ಲಿಸಬಹುದು. ಅಳತೆಯೇ ಅಲುಗಾಡಿದರೆ ಎಲ್ಲಾ ಸರಕೂ ಒಟ್ಟಿಗೆ ಬೀಳುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ರೂಪಾಯಿಯೂ ಸವೆಯುತ್ತದೆ, ನಿಜ. ಆದರೆ ರಿಸರ್ವ್ ಬ್ಯಾಂಕ್‌ಗೆ ಬೆಲೆಯೇರಿಕೆಯನ್ನು ಶೇ 4ರಲ್ಲಿ, ಆಚೆ ಈಚೆ ಶೇ 2ರೊಳಗೆ ಇಡುವ ಹೊಣೆ ಇದೆ. ನಿಧಾನವಾಗಿ, ಒಂದೇ ದಿಕ್ಕಿಗೆ ಸವೆಯುವ ಅಳತೆಯಲ್ಲಿ ಸಾಲಗಾರ ಬದುಕಿಕೊಳ್ಳುತ್ತಾನೆ.

ಚಿನ್ನವೂ ಮಿತವಾಗಿತ್ತು, ಚಿನ್ನದ ಮೇಲೆ ಹಣ ನಿಂತಿತ್ತು. ಬಿಟ್‌ಕಾಯಿನ್ ಕೂಡ ಗಣಿಗಾರಿಕೆಯೇ. ಹಾಗಿದ್ದರೆ ಭಯ ಯಾಕೆ?
– ನಿವೃತ್ತ ಗಣಿ ನೌಕರರು, ರಾಬರ್ಟ್‌ಸನ್‌ಪೇಟೆ

ಕೆಜಿಎಫ್‌ನಲ್ಲಿ ದುಡಿದವರಿಗೆ ಇದರ ಉತ್ತರ ಬೇಗ ಹಿಡಿಯುತ್ತದೆ. ಚಿನ್ನದ ಬೆಲೆ ಏರಿದರೆ ಹೊಸ ಶಾಫ್ಟ್ ತೋಡುತ್ತಿದ್ದರು, ಇನ್ನೂ ಆಳಕ್ಕೆ ಇಳಿಯುತ್ತಿದ್ದರು, ಬಿಟ್ಟಿದ್ದ ಕಡಿಮೆ ಅಂಶದ ಅದಿರನ್ನೂ ಎತ್ತುತ್ತಿದ್ದರು. ಯಂತ್ರ, ಜನ, ವಿದ್ಯುತ್ ಹೆಚ್ಚಾದರೆ ಚಿನ್ನವೂ ಒಂದಿಷ್ಟು ಹೆಚ್ಚು ಬರುತ್ತಿತ್ತು. ಶಿವನಸಮುದ್ರದಿಂದ 1902ರಲ್ಲಿ ಗಣಿಗೆ ತಂತಿ ಎಳೆದದ್ದು ಅದಕ್ಕೇ.

ಬಿಟ್‌ಕಾಯಿನ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಯಂತ್ರಗಳು ಕಠಿಣ ಲೆಕ್ಕ ಬಿಡಿಸಿ ಪಾವತಿಗಳ ಒಂದೊಂದು ಕಟ್ಟನ್ನು ದಾಖಲೆಗೆ ಸೇರಿಸುತ್ತವೆ. ಆ ಕಟ್ಟೇ ಬ್ಲಾಕ್, ಹೊಸ ನಾಣ್ಯ ಹುಟ್ಟುವುದು ಅದರ ಜೊತೆಗೇ. ಎಷ್ಟೇ ಯಂತ್ರ ತಂದರೂ ಸರಾಸರಿ 10 ನಿಮಿಷಕ್ಕೆ ಒಂದೇ ಬ್ಲಾಕ್. ಪ್ರತಿ 2,016 ಬ್ಲಾಕ್‌ಗೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಲೆಕ್ಕದ ಕಷ್ಟವನ್ನು ವ್ಯವಸ್ಥೆಯೇ ಮತ್ತೆ ಹೊಂದಿಸುತ್ತದೆ. ಯಂತ್ರ ಇಮ್ಮಡಿಯಾದರೆ ಕರೆಂಟ್ ಇಮ್ಮಡಿಯಾಗುತ್ತದೆ, ನಾಣ್ಯ ಅಷ್ಟೇ ಬರುತ್ತದೆ. ಪ್ರತಿ 2,10,000 ಬ್ಲಾಕ್‌ಗೆ ಹೊಸ ನಾಣ್ಯ ಅರ್ಧಕ್ಕಿಳಿಯುತ್ತದೆ. 2024ರ ಏಪ್ರಿಲ್‌ನಿಂದ ಬ್ಲಾಕ್‌ಗೆ 3.125. ಒಟ್ಟು ಎಂದೆಂದಿಗೂ 2.1 ಕೋಟಿ. ಜನ, ಬೆಳೆ, ವ್ಯಾಪಾರ ಬೆಳೆದಂತೆ ಹಣ ಬೆಳೆಯದಿದ್ದರೆ ಬೆಲೆಗಳೇ ಇಳಿಯಬೇಕು, ಆಗ ಮುಳಬಾಗಿಲಿನ ಲೆಕ್ಕ ವರ್ಷ ವರ್ಷವೂ ನಡೆಯುತ್ತದೆ.

ಚಿನ್ನದ ಹಣವೂ ಸಾಲಗಾರನಿಗೆ ಮೃದುವಾಗಿರಲಿಲ್ಲ. 1929ರ ನಂತರ ಬೆಳೆಯ ಬೆಲೆ ಕುಸಿದಾಗ ಸಾಲ, ಕಂದಾಯ ಹಾಗೇ ನಿಂತವು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಹಣವನ್ನೇ ಕೈಬಿಟ್ಟಿತು. ಆ ವರ್ಷಗಳಲ್ಲಿ ಭಾರತದ ರೈತರು ಹೆಂಡತಿ ಮಕ್ಕಳ ಮೈಮೇಲಿನ ಒಡವೆ ಮಾರಿ ಸಾಲ ತೀರಿಸಿದರು, ಚಿನ್ನ ಹಡಗು ಹಡಗಾಗಿ ಹೊರಹೋಯಿತು.

ರೇಷ್ಮೆ ಗೂಡು ಹರಾಜಾದ ಮೇಲೆ ಹಣ ಬೇಗ ಸಂದಾಯವಾಗದಿದ್ದರೆ ರೈತರು ಸುಮ್ಮನಿರುವುದಿಲ್ಲ. ಬಿಟ್‌ಕಾಯಿನ್‌ನಲ್ಲಿ ಕೊಟ್ಟರೆ ಎಷ್ಟು ಹೊತ್ತು ಹಿಡಿಯುತ್ತದೆ?
– ರೀಲರ್, ಶಿಡ್ಲಘಟ್ಟ

ಮುಖ್ಯ ಜಾಲದಲ್ಲಿ ಮೊದಲ ದೃಢೀಕರಣಕ್ಕೆ, ಅಂದರೆ ಪಾವತಿ ಒಂದು ಬ್ಲಾಕ್ ಸೇರುವುದಕ್ಕೆ, ಸರಾಸರಿ 10 ನಿಮಿಷ. ದೊಡ್ಡ ಮೊತ್ತಕ್ಕೆ ಆರು ದೃಢೀಕರಣ ಕಾಯುವುದು ರೂಢಿ, ಅಂದರೆ ಒಂದು ಗಂಟೆ. ಇದು ನೀವು ಹಾಕಿದ ಶುಲ್ಕ ಸಾಕಷ್ಟಿದ್ದರೆ. ಕಡಿಮೆ ಹಾಕಿದರೆ ನಿಮ್ಮ ಪಾವತಿ ಸರದಿಯಲ್ಲೇ ಕೊಳೆಯುತ್ತದೆ, ಯಾಕೆಂದರೆ ಬ್ಲಾಕ್ ಕಟ್ಟುವವರು ಹೆಚ್ಚು ಶುಲ್ಕದವರನ್ನು ಮೊದಲು ಹತ್ತಿಸಿಕೊಳ್ಳುತ್ತಾರೆ. 2024ರ ಏಪ್ರಿಲ್ 20ರಂದು ಸರಾಸರಿ ಶುಲ್ಕ ಒಂದು ಪಾವತಿಗೆ 100 ಡಾಲರ್ ದಾಟಿತ್ತು. ಹತ್ತಿಪ್ಪತ್ತು ಕೆ.ಜಿ. ಗೂಡು ತಂದ ರೈತನಿಗೆ ಆ ಶುಲ್ಕ ಕಳೆದು ಏನು ಕೊಡುತ್ತೀರಿ?

ಜಾಲದ ತಾಕತ್ತು ಸೆಕೆಂಡಿಗೆ ಸುಮಾರು 7 ಪಾವತಿ, ದಿನಕ್ಕೆ ಆರು ಲಕ್ಷ. ಯುಪಿಐ 2023ರ ಆಗಸ್ಟ್‌ನಲ್ಲೇ ತಿಂಗಳಿಗೆ 1,000 ಕೋಟಿ ಪಾವತಿ ದಾಟಿದೆ, ಸೆಕೆಂಡಿಗೆ 3,700ಕ್ಕೂ ಹೆಚ್ಚು. ಈ ಅಂತರ ತುಂಬಲು ಲೈಟ್ನಿಂಗ್ ಎಂಬ ಮೇಲ್ಪದರ ಇದೆ. ಇಬ್ಬರು ಮೊದಲೇ ಒಂದಿಷ್ಟು ನಾಣ್ಯ ಕಟ್ಟಿಟ್ಟು ದಾರಿ ತೆರೆಯುತ್ತಾರೆ, ಆಮೇಲೆ ಆ ದಾರಿಯಲ್ಲಿ ಪಾವತಿ ಕ್ಷಣದಲ್ಲಿ ಹೋಗುತ್ತದೆ. ಎಡವುವುದು ಎರಡು ಕಡೆ. ರೈತನ ವಾಲೆಟ್‌ಗೆ ಒಳಬರುವ ದಾರಿಯ ಅಗಲ ಕಡಿಮೆಯಿದ್ದರೆ ದೊಡ್ಡ ಮೊತ್ತ ಒಳಗೆ ಹೋಗುವುದೇ ಇಲ್ಲ. ಮತ್ತೆ, ಆ ದಾರಿ ತೆರೆಯಲು ಮುಖ್ಯ ಜಾಲದಲ್ಲಿ ಒಂದು ಪಾವತಿ ಬೇಕು. ದೇಶದ 100 ಕೋಟಿ ಜನಕ್ಕೆ ತಲಾ ಒಂದೆಂದರೂ, ಬೇರೆ ಯಾವ ವ್ಯವಹಾರವೂ ನಡೆಯದೆ ಹೋದರೂ, ನಾಲ್ಕೂವರೆ ವರ್ಷ ಬೇಕು. ಹಾಗಾಗಿ ಜನ ಯಾವುದೋ ಕಂಪನಿಯ ವಾಲೆಟ್‌ನಲ್ಲಿ ಖಾತೆ ತೆರೆಯುತ್ತಾರೆ. ಅದು ಬ್ಯಾಂಕೇ, ಆದರೆ ಠೇವಣಿ ವಿಮೆ ಇಲ್ಲದ ಬ್ಯಾಂಕ್.

ಡಿಜಿಟಲ್ ರೂಪಾಯಿ ಅಂದರೆ ಇದೇ ಅಲ್ಲವೇ?
– ಅಂಗಡಿ ಮಾಲೀಕರು, ಚಿಂತಾಮಣಿ

ಅಲ್ಲ. 2022ರ ಡಿಸೆಂಬರ್ 1ರಿಂದ ಬೆಂಗಳೂರು ಸೇರಿ ನಾಲ್ಕು ನಗರಗಳಲ್ಲಿ ಜನರ ಬಳಕೆಗೆ ಪ್ರಯೋಗ ಶುರುವಾದ ಇ-ರೂಪಾಯಿ ರಿಸರ್ವ್ ಬ್ಯಾಂಕ್ ಹೊರಡಿಸುವ ನೋಟಿನ ಇನ್ನೊಂದು ರೂಪ. 100 ರೂ. ಎಂದರೆ 100 ರೂ.ಯೇ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬಡ್ಡಿಯೂ ಬರುವುದಿಲ್ಲ.

ನನ್ನ ಪಿಂಚಣಿ, ಬ್ಯಾಂಕ್ ಠೇವಣಿ ಏನಾಗುತ್ತದೆ?
– ನಿವೃತ್ತ ಶಿಕ್ಷಕರು, ಗೌರಿಬಿದನೂರು

ನಿಮ್ಮ ಠೇವಣಿ ಬ್ಯಾಂಕಿನ ಪೆಟ್ಟಿಗೆಯಲ್ಲಿ ಕೂತಿಲ್ಲ, ಸಾಲವಾಗಿ ಹೊರಗಿದೆ. ಎಲ್ಲರೂ ಒಂದೇ ದಿನ ಕೇಳಿದರೆ ಎಂಥ ಗಟ್ಟಿ ಬ್ಯಾಂಕೂ ನಿಲ್ಲುವುದಿಲ್ಲ. ಈಗ ಅಂಥ ದಿನ ರಿಸರ್ವ್ ಬ್ಯಾಂಕ್ ಬೆನ್ನಿಗೆ ನಿಲ್ಲಬಲ್ಲದು, ಏಕೆಂದರೆ ರೂಪಾಯಿ ಹುಟ್ಟಿಸುವ ಅಧಿಕಾರ ಅದರದು. ಮುಳುಗಿದರೂ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂ.ವರೆಗೆ ವಿಮೆ ಇದೆ. ಬಿಟ್‌ಕಾಯಿನ್ ಹುಟ್ಟಿಸುವ ಅಧಿಕಾರ ಯಾರಿಗೂ ಇಲ್ಲ. 2015ರ ಜೂನ್ ಕೊನೆಯಲ್ಲಿ ಗ್ರೀಸ್‌ನಲ್ಲಿ ಬ್ಯಾಂಕ್ ಬಾಗಿಲು ಮುಚ್ಚಿ, ಎಟಿಎಂನಲ್ಲಿ ದಿನಕ್ಕೆ 60 ಯೂರೊ ಮಾತ್ರ ಎಂದದ್ದು ಆ ದೇಶ ತನ್ನಿಷ್ಟಕ್ಕೆ ಯೂರೊ ಹುಟ್ಟಿಸುವಂತಿರಲಿಲ್ಲ ಎಂಬುದಕ್ಕೇ. ಪಿಂಚಣಿದಾರರು ಬ್ಯಾಂಕ್ ಮುಂದೆ ಸಾಲು ನಿಂತರು.

ಸರ್ಕಾರದ ಜೇಬಿಗೂ ಹೊಡೆತ. 2024-25ರ ಲೆಕ್ಕಕ್ಕೆ ರಿಸರ್ವ್ ಬ್ಯಾಂಕ್ ಕೇಂದ್ರಕ್ಕೆ ಕೊಟ್ಟ ಹೆಚ್ಚುವರಿ ಸುಮಾರು 2.69 ಲಕ್ಷ ಕೋಟಿ ರೂ. ಆ ಬಾಗಿಲು ಮುಚ್ಚಿದರೆ ತೆರಿಗೆ ಏರಿಸಬೇಕು, ಇಲ್ಲ ಖರ್ಚು ಕಡಿಯಬೇಕು. ಪಿಂಚಣಿ ಆ ಖರ್ಚಿನ ಪಟ್ಟಿಯಲ್ಲೇ ಇದೆ.

ನಮ್ಮ ಸಂಘದ ಹಣ ವಾಲೆಟ್‌ನಲ್ಲಿ ಇಡುವುದಾದರೆ ಕೀಲಿ ಯಾರ ಹತ್ತಿರ ಇರಬೇಕು?
– ಸ್ತ್ರೀಶಕ್ತಿ ಸಂಘದ ಸದಸ್ಯೆ, ಪಾವಗಡ

ಒಬ್ಬರ ಹತ್ತಿರ ಇರಲೇಬಾರದು. ವಾಲೆಟ್ ತೆರೆದಾಗ 12 ಅಥವಾ 24 ಪದ ಕೊಡುತ್ತದೆ, 2,048 ಪದಗಳ ಒಂದು ಪಟ್ಟಿಯಿಂದ ಆರಿಸಿದವು. ಅವೇ ಹಣ. ಕ್ರಮ ತಪ್ಪಿದರೆ ತೆರೆಯುವುದಿಲ್ಲ. ಫೋನ್‌ನಲ್ಲಿ ಫೋಟೊ ತೆಗೆದಿಟ್ಟರೆ ಫೋನ್ ಹೊಕ್ಕವನು ಹಣವನ್ನೂ ಒಯ್ಯುತ್ತಾನೆ. ಕಳೆದರೆ ಮರಳಿ ಕೊಡುವ ಮ್ಯಾನೇಜರ್ ಇಲ್ಲ.

ಸಂಘಕ್ಕೆ ಸರಿಹೊಂದುವುದು ಮೂರರಲ್ಲಿ ಎರಡು ಸಹಿಯ ವಾಲೆಟ್, ಈಗಿನ ಜಂಟಿ ಖಾತೆಯ ಹಾಗೆ. ಮೂವರು ಮೂರು ಬೇರೆ ಸಾಧನದಲ್ಲಿ ತಂತಮ್ಮ ಪದಗಳನ್ನು ಮಾಡಿಕೊಂಡು, ಕಾಗದದಲ್ಲಿ ಬರೆದು ಮೂರು ಮನೆಯಲ್ಲಿ ಇಡಿ. ಬಹಳ ಜನ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ: ಮೂವರ ಸಾರ್ವಜನಿಕ ಕೀಲಿಗಳ ಪ್ರತಿಯೂ ಪ್ರತಿ ಮನೆಯಲ್ಲಿ ಇರಬೇಕು. ಪದಗಳಿಂದ ಹುಟ್ಟುವ ಈ ಕೀಲಿ ವಾಲೆಟ್ ಯಾವುದೆಂದು ಗುರುತಿಸುತ್ತದೆ, ಅದೊಂದರಿಂದಲೇ ಹಣ ತೆಗೆಯಲು ಬರುವುದಿಲ್ಲ. ಒಬ್ಬರ ಕಾಗದ ಸುಟ್ಟುಹೋಗಿ ಅವರ ಸಾರ್ವಜನಿಕ ಕೀಲಿ ಎಲ್ಲೂ ಬರೆದಿಲ್ಲದಿದ್ದರೆ, ಉಳಿದ ಇಬ್ಬರ ಪದಗಳಿದ್ದರೂ ಪೆಟ್ಟಿಗೆ ತೆರೆಯದು. ದುಡ್ಡು ಹಾಕುವ ಮುಂಚೆ ತೀರ ಚಿಕ್ಕ ಮೊತ್ತ ಹಾಕಿ, ಆ್ಯಪ್ ಅಳಿಸಿ, ಇಬ್ಬರ ಪದಗಳು ಮತ್ತು ಮೂವರ ಸಾರ್ವಜನಿಕ ಕೀಲಿಗಳಿಂದ ಮರಳಿ ತೆರೆದು ನೋಡಿ. ಸದ್ಯಕ್ಕೆ ಸಂಘದ ಉಳಿತಾಯ ಬ್ಯಾಂಕಿನಲ್ಲೇ ಇರಲಿ ಎಂಬುದು ನಮ್ಮ ಸಲಹೆ.

ಹೊರಗಿನ ಖರೀದಿದಾರರೊಬ್ಬರು ಕೊಬ್ಬರಿಗೆ ಯುಎಸ್‌ಡಿಟಿ ಕೊಡುತ್ತೇನೆ ಅನ್ನುತ್ತಿದ್ದಾರೆ. ತಗೋಬಹುದಾ?
– ಕೊಬ್ಬರಿ ವರ್ತಕರು, ತಿಪಟೂರು

ಬೇಡ. ಯುಎಸ್‌ಡಿಟಿ ಎಂದರೆ ಡಾಲರ್ ಬೆಲೆಗೆ ಜೋಡಿಸಿದ ಕ್ರಿಪ್ಟೊ ನಾಣ್ಯ. ಇದನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ, ಆದರೆ ಇದು ಭಾರತದಲ್ಲಿ ಹಣವೂ ಅಲ್ಲ. ಕೊಬ್ಬರಿ ಕೊಟ್ಟು ನಾಣ್ಯ ಪಡೆದರೂ ಆ ದಿನದ ರೂಪಾಯಿ ಬೆಲೆ ನಿಮ್ಮ ವ್ಯಾಪಾರದ ಆದಾಯವೇ, ಜಿಎಸ್‌ಟಿ ಕಟ್ಟಬೇಕಾದ್ದು ರೂಪಾಯಿಯಲ್ಲಿ. ವರ್ಷದ ಮಿತಿ ದಾಟಿದರೆ, ಸರಕು ಬಿಡುವ ಮುಂಚೆ ಶೇ 1ರ ಟಿಡಿಎಸ್ ಕಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ನಾಣ್ಯ ಪಡೆಯುವ ನಿಮ್ಮದು. ಮುಂದೆ ಅದನ್ನು ಮಾರಿ ಲಾಭ ಬಂದರೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ನಷ್ಟವಾದರೆ ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ನಾಣ್ಯವನ್ನು ಅಪರಿಚಿತರಿಗೆ ಮಾರಿ ರೂಪಾಯಿ ಮಾಡುವಾಗ ಬರುತ್ತದೆ. ನಿಮ್ಮ ಖಾತೆಗೆ ಬಂದ ರೂಪಾಯಿ ಯಾರಿಗೋ ಮೋಸ ಮಾಡಿ ತಂದದ್ದಾದರೆ, ಸೈಬರ್ ಪೊಲೀಸರ ಸೂಚನೆ ಮೇರೆಗೆ ಬ್ಯಾಂಕ್ ಖಾತೆ ತಡೆಹಿಡಿಯುತ್ತದೆ. ಈಗಾಗಲೇ ಹಾಗಾಗಿದ್ದರೆ ಯಾವ ಠಾಣೆಯಿಂದ ಸೂಚನೆ ಬಂತು, ದೂರಿನ ಸ್ವೀಕೃತಿ ಸಂಖ್ಯೆ ಏನು ಎಂದು ಬ್ಯಾಂಕಿನಲ್ಲಿ ಬರವಣಿಗೆಯಲ್ಲಿ ಕೇಳಿ. ಮಾರಾಟದ ಬಿಲ್, ಇ-ವೇ ಬಿಲ್, ಖರೀದಿದಾರರ ಜೊತೆಗಿನ ಮೆಸೇಜ್‌ಗಳ ಪ್ರತಿ, ನಾಣ್ಯ ಬಂದ ಮತ್ತು ಹೋದ ವ್ಯವಹಾರದ ಗುರುತು ಸಂಖ್ಯೆ ಎಲ್ಲವನ್ನೂ ಜೋಡಿಸಿ ಆ ಠಾಣೆಯ ತನಿಖಾಧಿಕಾರಿಗೆ ಕಳಿಸಿ. ಇಡೀ ಖಾತೆಯ ಬದಲು ವಿವಾದದ ಮೊತ್ತವನ್ನಷ್ಟೇ ತಡೆಹಿಡಿಯಿರಿ ಎಂದೂ ಅದೇ ಅರ್ಜಿಯಲ್ಲಿ ಕೇಳಿ.