ಗುಂಪಾಗಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ, ಅದೇ ಬ್ರೇಕ್, ಹೊಡೆಯೋಕೆ ಹೆಂಗಸರಿಗೆ ಜೋರು ಸಾಲದು ಅಂತಾರೆ ಪೂಲ್ ಪಾರ್ಲರ್ ಹುಡುಗರು. ಪೂಲ್‌ನಲ್ಲಿ ಹೆಂಗಸರು ಗಂಡಸರಿಗೆ ಸಮನಾಗಿ ಆಡಬಹುದಾ?

ನಿಮಗೆ ಪಾರ್ಲರ್ ಹುಡುಗರು ಹೇಳಿದ ಮಾತನ್ನೇ ರಾಜಾಜಿನಗರದ ಒಂದು ಮಹಡಿ ಮೇಲಿನ ಪಾರ್ಲರ್‌ನಲ್ಲಿ ನನಗೂ ಹೇಳಿದ್ದರು. ನಾನು ನಂಬಿಬಿಟ್ಟೆ. ಎಡವಟ್ಟಾಗಿದ್ದು ಅಲ್ಲೇ.

ನಂಬಿದ ಮೇಲೆ ಜೋರಿನ ಹಿಂದೆ ಬಿದ್ದೆ. ಭಾರದ ಕ್ಯೂ (ಹೊಡೆಯುವ ಕೋಲು) ತಗೊಂಡು, ಮೈಯನ್ನೆಲ್ಲ ಮುಂದಕ್ಕೆ ಎಸೆದು ಹೊಡೆಯುತ್ತಿದ್ದೆ. ಸದ್ದೇನೋ ಪಕ್ಕದ ಟೇಬಲಿನವರು ತಿರುಗಿ ನೋಡುವಷ್ಟು ಬರುತ್ತಿತ್ತು. ಬಿಳಿ ಚೆಂಡು ಮಾತ್ರ ಒಂದೋ ಟೇಬಲ್ ಬಿಟ್ಟು ಹಾರುತ್ತಿತ್ತು, ಇಲ್ಲ ಯಾವುದೋ ಪಾಕೆಟ್‌ಗೆ ಬೀಳುತ್ತಿತ್ತು. ನೈನ್ ಬಾಲ್‌ನಲ್ಲಿ ಅಂದರೆ ಒಂಬತ್ತು ಚೆಂಡಿನ ಪೂಲ್‌ನಲ್ಲಿ ಬಿಳಿ ಬಿತ್ತೆಂದರೆ ಎದುರಿನವರು ಅದನ್ನು ತಮಗೆ ಬೇಕಾದ ಕಡೆ ಇಟ್ಟುಕೊಂಡು ಆಡಬಹುದು. ಸ್ವಲ್ಪ ಆಟ ಗೊತ್ತಿದ್ದವರಿಗೆ ಅಷ್ಟು ಸಾಕು.

ಬ್ರೇಕ್ ಅಂದರೆ ಏನು ಅಂತ ತೋರಿಸಿಕೊಟ್ಟವರು ಅಲ್ಲಿ ಟೇಬಲ್ ನೋಡಿಕೊಳ್ಳುತ್ತಿದ್ದ ಮಾರ್ಕರ್ ಅಣ್ಣ. ಒಂದು ಸಂಜೆ ಚೆಂಡು ಜೋಡಿಸುವ ಚೌಕಟ್ಟಾದ ರ‍್ಯಾಕ್ ತೆಗೆದು, "ಬಗ್ಗಿ ನೋಡಿ ಮೇಡಂ" ಅಂದರು. ಮುಂದಿನ ಒಂದನೇ ನಂಬರ್ ಚೆಂಡಿಗೂ ಹಿಂದಿನ ಎರಡಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ, ಅದರಲ್ಲಿ ಟ್ಯೂಬ್‌ಲೈಟ್ ಬೆಳಕು. ಆ ಸಂದಿ ಇದ್ದರೆ ಎಷ್ಟು ಜೋರಾಗಿ ಹೊಡೆದರೂ ಚೆಂಡುಗಳು ಸರಿಯಾಗಿ ಚದುರಲ್ಲ. ಬೆರಳಲ್ಲಿ ಒತ್ತಿ ಬಿಗಿ ಮಾಡಿ, ಟೇಬಲಿನ ಪಕ್ಕದ ಕುಶನ್ (ಅಂಚಿನ ಪಟ್ಟಿ) ಹತ್ತಿರ ಬಿಳಿ ಇಟ್ಟು, ಒಂದನೇ ಚೆಂಡಿನ ಮುಖಕ್ಕೆ ಪೂರ್ತಿ ತಾಗುವಂತೆ ಹದವಾಗಿ ಹೊಡೆದರು. ಅಂಚಿನ ಚೆಂಡು ನೇರ ಮೂಲೆ ಪಾಕೆಟ್‌ಗೆ ಹೋಯಿತು. ಬಿಳಿ ಟೇಬಲ್ ಮಧ್ಯಕ್ಕೆ ಬಂದು ನಿಂತಿತು. ನಾನು ಹೊಡೆಯುವ ಜೋರಿನಲ್ಲಿ ಅರ್ಧವೂ ಇರಲಿಲ್ಲ.

ತೋರಿಸಿದರೂ ನಾನು ಬಿಡಲಿಲ್ಲ ನೋಡಿ. ರಾಜ್ಯ ಮಟ್ಟದ ಪಂದ್ಯವೊಂದರಲ್ಲಿ ಗೆಲುವು ತೀರ್ಮಾನಿಸುವ ಕೊನೆಯ ಆಟ, ಅಂದರೆ ಕೊನೆಯ ರ‍್ಯಾಕ್‌ವರೆಗೂ ಹೋಯಿತು, ಬ್ರೇಕ್ ನನ್ನದು. ಕೈ ನಡುಗುತ್ತಿದೆ, ಆದರೂ ಪೂರ್ತಿ ಜೋರು ಹಾಕಿದೆ. ಬಿಳಿ ಚೆಂಡು ಒಂದು ಸುತ್ತು ಹೊಡೆದು ಸೈಡ್ ಪಾಕೆಟ್ ಸೇರಿತು. ನಾನು ಕುರ್ಚಿಯಲ್ಲಿ ಕೂತೆ, ಎದ್ದಿದ್ದು ಕೈ ಕುಲುಕೋಕೆ. ತಮಾಷೆ ಏನು ಅಂದರೆ, ಅದು ಮಹಿಳೆಯರ ವಿಭಾಗ. ಗಂಡಸರ ಜೋರಿಗೆ ಸರಿಗಟ್ಟಲು ಹೋಗಿ ಒಬ್ಬ ಕಾಲೇಜು ಹುಡುಗಿಯ ಕೈಲಿ ಸೋತಿದ್ದೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಆಗಲ್ಲ. ಗಂಡಸರೂ ಹೆಂಗಸರೂ ಆಡಬಹುದಾದ ಮುಕ್ತ (ಓಪನ್) ವಿಭಾಗದ ವಿಶ್ವ ನೈನ್ ಬಾಲ್ ಪಟ್ಟ ಇದುವರೆಗೆ ಯಾವ ಹೆಂಗಸಿಗೂ ಸಿಕ್ಕಿಲ್ಲ, ನಿಜ. ಆದರೆ ಕಾರಣ ತೋಳಿನಲ್ಲಿದೆ ಅನ್ನುವವರು ಇದೇ ಬಗೆಯ ಇನ್ನೊಂದು ಟೇಬಲ್ ಆಟವಾದ ಸ್ನೂಕರ್ ಕಡೆ ನೋಡಲಿ. ಅಲ್ಲಿ ಹೀಗೆ ಜೋರಾಗಿ ಒಡೆಯುವ ಬ್ರೇಕೇ ಇಲ್ಲ, ಮೆಲ್ಲಗೆ ತಾಗಿಸಿ ಬಿಳಿಯನ್ನು ವಾಪಸ್ ತರೋದು. ಅಲ್ಲೂ ಅಂತರ ಇದೆಯಲ್ಲ? 12 ಸಲ ಮಹಿಳಾ ವಿಶ್ವ ಚಾಂಪಿಯನ್ ಆದ ರಿಯಾನ್ ಇವಾನ್ಸ್ 2013ರಲ್ಲಿ ಚೀನಾದ ವುಶಿ ಕ್ಲಾಸಿಕ್ ಪಂದ್ಯಾವಳಿಯ ಅರ್ಹತಾ ಸುತ್ತಿನಲ್ಲಿ ಥಾಯ್ಲೆಂಡಿನ ಪುರುಷ ಆಟಗಾರ ಥೆಪ್‌ಚಾಯಾ ಅವರನ್ನು ಸೋಲಿಸಿದ್ದೇ ದೊಡ್ಡ ಸುದ್ದಿಯಾಯಿತು. ಹಾಗಾದರೆ ತೊಂದರೆ ಬೇರೆಲ್ಲೋ ಇದೆ.

ಎಲ್ಲಿದೆ ಅಂತ ನಿಮಗೂ ಗೊತ್ತು. ಪಾರ್ಲರ್‌ನಲ್ಲಿ ಒಳ್ಳೆಯ ಆಟಗಾರರು ಬರೋದು ರಾತ್ರಿ ಒಂಬತ್ತರ ಮೇಲೆ. ನಾನು ಏಳೂವರೆಗೆ ಕ್ಯೂ ಎತ್ತಿಟ್ಟು ಬಿಎಂಟಿಸಿ ಬಸ್ ಹತ್ತಬೇಕಿತ್ತು, ಅಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದರು. ಸೋತವರು ಟೇಬಲ್ ದುಡ್ಡು ಕೊಡಬೇಕು ಅನ್ನುವ ಆಟಗಳಲ್ಲೇ ಕೈ ಪಳಗೋದು, ಅಲ್ಲಿಗೆ ನನ್ನನ್ನು ಕರೆಯುತ್ತಲೇ ಇರಲಿಲ್ಲ. ಕರೆದರೂ ಪಾಪ ಅಂತ ಬಿಟ್ಟು ಆಡೋರು. ಅದಕ್ಕಿಂತ ಅವಮಾನ ಇಲ್ಲ. ಅಮೆರಿಕದ ಜೀನ್ ಬಲುಕಾಸ್ 1972ರಿಂದ 1978ರವರೆಗೆ ಸತತ 7 ಸಲ ಪೂಲ್‌ನ ಯುಎಸ್ ಓಪನ್ ಮಹಿಳಾ ಪಟ್ಟ ಗೆದ್ದವರು, ಗಂಡಸರ ಪಂದ್ಯಗಳಿಗೂ ಇಳಿದವರು. ಒಂಬತ್ತು ವರ್ಷಕ್ಕೇ ದೊಡ್ಡ ಪಂದ್ಯ ಆಡುತ್ತಿದ್ದರಂತೆ. ನನ್ನ ಒಂಬತ್ತನೇ ವಯಸ್ಸಿನಲ್ಲಿ ಪಾರ್ಲರ್ ಇದ್ದ ಬೀದಿಯಲ್ಲಿ ನಡೆಯೋದೂ ಬೇಡ ಅನ್ನುತ್ತಿದ್ದರು ಮನೆಯಲ್ಲಿ.

ಇದರ ನಡುವೆಯೂ ನಮ್ಮ ಬೆಂಗಳೂರಲ್ಲೇ ಆಡಿ ಬೆಳೆದ ಚಿತ್ರಾ ಮಗಿಮೈರಾಜ್ ಮಹಿಳಾ ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್ ಆದರು. ಭಾರತದ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದ ಮಹಿಳಾ ವಿಶ್ವ ಸ್ನೂಕರ್ ಫೈನಲ್‌ನಲ್ಲಿ 6-5ರಲ್ಲಿ ಸೋತರು, ಒಂದೇ ಫ್ರೇಮಿನ (ಒಂದು ಆಟದ) ಅಂತರ.

ಮಹಿಳಾ ವಿಭಾಗ ಸಾಕಾ, ಓಪನ್‌ಗೂ ಹೆಸರು ಕೊಡಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಎರಡಕ್ಕೂ ಕೊಡಿ. ಓಪನ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಗೆ ಬರುತ್ತೀರಿ, ಬನ್ನಿ. ಸೋಲಿಸಿದವರ ಹತ್ತಿರ ಹೋಗಿ ಇನ್ನೊಂದು ರ‍್ಯಾಕ್ ಕೇಳಿ, ಟೇಬಲ್ ದುಡ್ಡು ನಾನು ಕೊಡ್ತೀನಿ ಅನ್ನಿ. ಬ್ರೇಕ್ ಪ್ರಾಕ್ಟೀಸ್ ಸದ್ಯಕ್ಕೆ ಸಾಕು, ಸೇಫ್ಟಿ, ಅಂದರೆ ಎದುರಿನವರಿಗೆ ಸುಲಭದ ಹೊಡೆತ ಸಿಗದಂತೆ ಆಡೋದು, ಕಲಿಯಿರಿ. ಮತ್ತೆ ಆ ಹುಡುಗರು ರ‍್ಯಾಕ್ ಹಾಕಿಕೊಟ್ಟರೆ ಹೊಡೆಯುವ ಮುಂಚೆ ಬಗ್ಗಿ ಸಂದಿ ನೋಡಿ. ಮುಕ್ಕಾಲು ಪಾಲು ಸಲ ಇರುತ್ತೆ.