ಸಾಂಪ್‌ಡೋರಿಯಾದ ಮಾಂತೊವಾನಿ

ಮಿಲಾನ್ ಕ್ಲಬ್‌ನ ಮಾಲೀಕರಾಗಿದ್ದ ಬರ್ಲುಸ್ಕೋನಿ ಬಿಟ್ಟು ಇಟಲಿಯ ಬೇರೆ ಯಾವ ಫುಟ್‌ಬಾಲ್ ಕ್ಲಬ್ ಮಾಲೀಕರ ಬದುಕು ತಿಳಿದುಕೊಳ್ಳಬೇಕು ಅಂತ ಕೇಳಿದ್ದೀರಿ. ನಾನಂತೂ ಪಾವ್ಲೊ ಮಾಂತೊವಾನಿ ಹೆಸರು ಹೇಳುತ್ತೇನೆ.

ಅವರು ಹುಟ್ಟಿದ್ದು 1930ರಲ್ಲಿ, ರೋಮ್‌ನಲ್ಲಿ. ಕೆಲಸಕ್ಕೆ ಅಂತ ಬಂದರಿನ ಊರು ಜೆನೋವಾಕ್ಕೆ ಬಂದವರು ಅಲ್ಲೇ ಉಳಿದರು. ತೈಲ ವ್ಯಾಪಾರದಲ್ಲಿ ಚೆನ್ನಾಗಿ ದುಡಿದರು. 1979ರಲ್ಲಿ ಅದೇ ಊರಿನ ಸಾಂಪ್‌ಡೋರಿಯಾ ಕ್ಲಬ್ ಕೊಂಡರು. ಆಗ ಅದು ಎರಡನೇ ದರ್ಜೆಯ ಸೀರೀ ಬಿಯಲ್ಲಿತ್ತು. 1946ರಲ್ಲಿ ಎರಡು ಹಳೆಯ ಕ್ಲಬ್‌ಗಳನ್ನು ಸೇರಿಸಿ ಮಾಡಿದ ತಂಡ ಅದು. ಕಪಾಟಿನಲ್ಲಿ ದೊಡ್ಡ ಕಪ್ ಒಂದೂ ಇರಲಿಲ್ಲ.

ದುಡ್ಡಿರುವ ಮಾಲೀಕ ಸಾಮಾನ್ಯವಾಗಿ ಏನು ಮಾಡುತ್ತಾನೆ? ಹೆಸರು ಮಾಡಿದ ಆಟಗಾರರನ್ನು ತರುತ್ತಾನೆ ಅಲ್ವಾ? ಮಾಂತೊವಾನಿ ಹುಡುಗರನ್ನು ಹುಡುಕಿದರು. 1982ರಲ್ಲಿ ಬೊಲೋನ್ಯಾದಿಂದ ರೊಬೆರ್ತೊ ಮಾಂಚಿನಿ ಬಂದಾಗ ಅವನಿಗೆ ಇನ್ನೂ 17 ವರ್ಷ. ಎರಡು ವರ್ಷ ಬಿಟ್ಟು ಕ್ರೆಮೊನೇಸೆಯಿಂದ ಜಾನ್‌ಲೂಕಾ ವಿಯಾಲಿ ಬಂದ. ಅವನಿಗೆ 20. ನನಗೆ ತುಂಬ ಇಷ್ಟವಾಗುವುದು ಇದಕ್ಕಿಂತ ಮುಂದಿನದು. ಹುಡುಗರು ದೊಡ್ಡವರಾದರು, ದೊಡ್ಡ ಕ್ಲಬ್‌ಗಳ ಕಣ್ಣು ಬಿತ್ತು, ಆದರೂ ಅವರು ಜೆನೋವಾ ಬಿಡಲಿಲ್ಲ. ವಿಯಾಲಿ ಎಂಟು ವರ್ಷ ಆಡಿದ. ಮಾಂಚಿನಿ 15 ವರ್ಷ. ಬರೀ ಸಂಬಳಕ್ಕಾಗಿ ಯಾರೂ ಹಾಗೆ ನಿಲ್ಲುವುದಿಲ್ಲ. ಮಾಂತೊವಾನಿ ಅವರನ್ನು ಮನೆ ಮಕ್ಕಳ ಹಾಗೆ ನೋಡಿಕೊಂಡರು.

1985ರಲ್ಲಿ ಮೊದಲ ಇಟಲಿ ಕಪ್ ಬಂತು. 1986ರಲ್ಲಿ ವುಯಾದಿನ್ ಬೊಸ್ಕೊವ್ ಕೋಚ್ ಆಗಿ ಬಂದರು. 1990ರಲ್ಲಿ ಕಪ್ ವಿನ್ನರ್ಸ್ ಕಪ್, ಅಂದರೆ ಯೂರೋಪಿನ ದೇಶಗಳ ಕಪ್ ಗೆದ್ದ ತಂಡಗಳ ಪಂದ್ಯಾವಳಿ, ಗೆದ್ದರು. 1991ರ ಮೇ 19ರಂದು, ತಮ್ಮದೇ ಮೈದಾನದಲ್ಲಿ ಲೆಚ್ಚೆ ತಂಡವನ್ನು 3-0ಯಿಂದ ಸೋಲಿಸಿ ಇಟಲಿ ಲೀಗ್ ಗೆದ್ದರು. ಮರಡೋನಾ ಇದ್ದ ನಾಪೋಲಿ, ಬರ್ಲುಸ್ಕೋನಿಯ ಮಿಲಾನ್, ಯುವೆಂಟಸ್, ಇಂಟರ್, ಎಲ್ಲರನ್ನೂ ಹಿಂದೆ ಹಾಕಿ! ಆ ಕ್ಲಬ್ ಲೀಗ್ ಗೆದ್ದಿದ್ದು ಅದೊಂದೇ ಸಲ.

ಮರುವರ್ಷ ಯೂರೋಪಿನ ಲೀಗ್ ಚಾಂಪಿಯನ್ನರು ಆಡುವ ಯೂರೋಪಿಯನ್ ಕಪ್‌ನ ಫೈನಲ್, ಲಂಡನ್ನಿನ ವೆಂಬ್ಲಿಯಲ್ಲಿ, ಬಾರ್ಸಿಲೋನಾ ಎದುರು. 90 ನಿಮಿಷದಲ್ಲಿ ಗೋಲೇ ಇಲ್ಲ. ಹೆಚ್ಚುವರಿ ಸಮಯದಲ್ಲಿ ಬಾರ್ಸಿಲೋನಾದ ಕೂಮನ್ ಹೊಡೆದ ಫ್ರೀ ಕಿಕ್ ಒಳಗೆ ಹೋಯಿತು. ಅಷ್ಟೇ, ಮುಗಿಯಿತು. ಆ ಬೇಸಿಗೆಯಲ್ಲೇ ವಿಯಾಲಿ ಯುವೆಂಟಸ್‌ಗೆ ಹೋದ. 1993ರ ಅಕ್ಟೋಬರ್‌ನಲ್ಲಿ ಮಾಂತೊವಾನಿ ತೀರಿಕೊಂಡರು. ಅಂತ್ಯಯಾತ್ರೆಯಲ್ಲಿ ಜಾಝ್ ಬ್ಯಾಂಡ್ ನುಡಿಸಿತು. ಮಗ ಎನ್ರಿಕೊ ಕ್ಲಬ್ ವಹಿಸಿಕೊಂಡರು. ಆದರೆ 1999ರಲ್ಲಿ ತಂಡ ಮತ್ತೆ ಸೀರೀ ಬಿಗೆ ಇಳಿಯಿತು.

2021ರಲ್ಲಿ ಯೂರೋಪಿನ ದೇಶಗಳು ಆಡುವ ಯೂರೋ ಕಪ್‌ನ ಫೈನಲ್ ನಾನು ನಿದ್ದೆಗೆಟ್ಟು ನೋಡಿದೆ. ಅದೂ ವೆಂಬ್ಲಿಯಲ್ಲೇ, ಹಳೆಯದನ್ನು ಕೆಡವಿ ಕಟ್ಟಿದ ಹೊಸ ಮೈದಾನದಲ್ಲಿ. ಮಾಂಚಿನಿ ಇಟಲಿಯ ಕೋಚ್. ಕ್ಯಾನ್ಸರ್ ಜೊತೆ ಹೋರಾಡುತ್ತಿದ್ದ ವಿಯಾಲಿಯೂ ತಂಡದ ಜೊತೆಗಿದ್ದ. ಪೆನಾಲ್ಟಿಯಲ್ಲಿ ಇಟಲಿ ಗೆದ್ದಾಗ ಇಬ್ಬರೂ ತಬ್ಬಿಕೊಂಡು ಅತ್ತರು. ನನಗೆ ತಟ್ಟನೆ ನೆನಪಾಗಿದ್ದು ಮಾಂತೊವಾನಿ.