ಸೂಪರಿಂಟೆಂಡೆಂಟ್ ನನ್ನ ಮಾತು ಕೇಳುತ್ತಿಲ್ಲ, ಹೊಸ ಬೋರ್ಡ್ ಸದಸ್ಯೆಯಾಗಿ ಏನು ಮಾಡಲಿ?

ಕ್ಯಾಲಿಫೋರ್ನಿಯಾದ ಐದು ಜನರ ಸ್ಕೂಲ್ ಬೋರ್ಡಿಗೆ ಗೆದ್ದು ಬಂದಿದ್ದೀರಿ. ಪೋಷಕರೊಬ್ಬರ ದೂರು ಹಿಡಿದು ಪ್ರಿನ್ಸಿಪಾಲರಿಗೆ ನೇರವಾಗಿ ಫೋನ್ ಮಾಡಿದ್ದಕ್ಕೆ ಸೂಪರಿಂಟೆಂಡೆಂಟ್, ಅಂದರೆ ಬೋರ್ಡು ನೇಮಿಸಿದ ಜಿಲ್ಲೆಯ ಶಾಲೆಗಳ ಮುಖ್ಯ ಆಡಳಿತಾಧಿಕಾರಿ, ಆಕ್ಷೇಪಿಸಿದರು, ಅವರನ್ನು ಹದ್ದುಬಸ್ತಿನಲ್ಲಿ ಇಡೋದು ಹೇಗೆ ಅಂತ ಕೇಳಿದ್ದೀರಿ. ಅಂಥದ್ದೇ ಬೋರ್ಡಿನಲ್ಲಿ ಒಂದು ಅವಧಿ ಕೂತು ಬಂದವನು ನಾನು. ಒಳಗೆ ಹೋಗುವಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಅದಕ್ಕೇ ನೇರವಾಗಿ ಹೇಳ್ತೀನಿ: ಫೋನಿನ ವಿಷಯದಲ್ಲಿ ಸೂಪರಿಂಟೆಂಡೆಂಟರದ್ದೇ ಸರಿ.

ಊರಿನಲ್ಲಿ ಶಾಸಕರು ಬಿಇಓಗೆ ಫೋನ್ ಹಾಕಿ ಕೆಲಸ ಮಾಡಿಸೋದನ್ನು ನೋಡಿ ಬೆಳೆದವರು ನಾವು. ಇಲ್ಲಿ ಅಧಿಕಾರ ಇರೋದು ಬೋರ್ಡಿಗೆ, ಅದೂ ಸಭೆ ಸೇರಿ ಮತ ಹಾಕಿದಾಗ. ಒಬ್ಬಂಟಿ ಸದಸ್ಯೆಗೆ ಒಬ್ಬ ಗುಮಾಸ್ತರಿಗೂ ಆದೇಶ ಕೊಡೋ ಹಕ್ಕಿಲ್ಲ. ನಿಮ್ಮ ಫೋನನ್ನು ಪ್ರಿನ್ಸಿಪಾಲರು ಆದೇಶ ಅಂತಲೇ ತಿಳೀತಾರೆ. ನಾಳೆ ಅದೇ ಶಾಲೆಯ ಶಿಸ್ತು ಪ್ರಕರಣವೋ ಹೊರಹಾಕುವ ಪ್ರಕರಣವೋ ಬೋರ್ಡಿನ ಮುಂದೆ ಬಂದರೆ, ಮೊದಲೇ ಒಂದು ಕಡೆ ವಾಲಿದವರು ಅಂತ ನೀವು ಎದ್ದು ಹೊರಗೆ ಹೋಗಬೇಕಾಗಬಹುದು. ಪೋಷಕರನ್ನು ಶಿಕ್ಷಕರು, ಪ್ರಿನ್ಸಿಪಾಲ್, ಜಿಲ್ಲಾ ಕಚೇರಿ ಅನ್ನೋ ಕ್ರಮದಲ್ಲಿ ಕಳಿಸಿ. ತಾರತಮ್ಯದ ದೂರಾದರೆ ಯೂನಿಫಾರ್ಮ್ ಕಂಪ್ಲೇಂಟ್ ಪ್ರೊಸೀಜರ್ ಅನ್ನೋ ರಾಜ್ಯದ ನಿಗದಿತ ದೂರು ವಿಧಾನ ಇದೆ, ಅದರಲ್ಲಿ 60 ದಿನದೊಳಗೆ ಲಿಖಿತ ತೀರ್ಮಾನ ಬರಬೇಕು.

ಬೋರ್ಡಿನ ಕೈಯಲ್ಲಿರೋ ನಿಜವಾದ ಹಿಡಿತ ಅಂದರೆ ಸೂಪರಿಂಟೆಂಡೆಂಟರ ಕರಾರು ಮತ್ತು ಅದರ ತಾರೀಖುಗಳು. ನಾನಿದ್ದ ಬೋರ್ಡಿಗೂ ದುಬಾರಿಯಾಗಿದ್ದು ಇದೇ, ಬಹಳ ಬೋರ್ಡುಗಳು ಎಡವೋದೂ ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ರಾಜ್ಯದ ಶಿಕ್ಷಣ ಕಾನೂನು, ಅಂದರೆ ಎಜುಕೇಷನ್ ಕೋಡಿನ 35031ನೇ ಸೆಕ್ಷನ್ ಪ್ರಕಾರ ಕರಾರು ಹೆಚ್ಚೆಂದರೆ ನಾಲ್ಕು ವರ್ಷದ್ದು. ಮುಂದುವರಿಸೋದಿಲ್ಲ ಅಂತಾದರೆ ಮುಗಿಯೋ 45 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ಕೊಡದೇ ಹೋದರೆ ಅದೇ ಅವಧಿಗೆ, ಅದೇ ಷರತ್ತು, ಅದೇ ಸಂಬಳಕ್ಕೆ ಮರುನೇಮಕ ಆದ ಹಾಗೆ. ಮೂರು ವರ್ಷದ್ದಿದ್ದರೆ ಮತ್ತೆ ಮೂರು ವರ್ಷ. ಕರಾರು ಜೂನ್ 30ಕ್ಕೆ ಮುಗಿಯೋದಾದರೆ ಕೊನೇ ದಿನ ಮೇ 16. ಕರಾರಿನಲ್ಲೇ ಇನ್ನೂ ಮುಂಚಿನ ಗಡುವು ಬರೆದಿರಬಹುದು, ಓದಿ ನೋಡಿ. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲು ಹಾಕಬೇಕು. ಸೂಪರಿಂಟೆಂಡೆಂಟರ ಕೆಲಸದ ಮೌಲ್ಯಮಾಪನವನ್ನು ಗುಪ್ತ ಸಭೆಯಲ್ಲಿ ನಡೆಸಬಹುದು, ಅದಕ್ಕೆ ಒಂದೆರಡು ಸುತ್ತಾದರೂ ಬೇಕು. ಏಪ್ರಿಲ್ ಕೊನೆಗೆ ಎಚ್ಚೆತ್ತ ಬೋರ್ಡು ಮೊದಲ ಸುತ್ತು ಮುಗಿಸೋ ಹೊತ್ತಿಗೆ ಗಡುವು ದಾಟಿರುತ್ತೆ. ಜನವರಿಯಲ್ಲೇ ಶುರು ಮಾಡಿ.

ಆ ಮೌಲ್ಯಮಾಪನಕ್ಕೂ ಬುಡ ಬೇಕಲ್ಲ. ಆಗಸ್ಟಿನಲ್ಲಿ ನಾಲ್ಕೈದು ಗುರಿ ಬರೆದು, ಯಾವುದನ್ನು ಯಾವ ದಾಖಲೆಯಿಂದ ಅಳೆಯೋದು ಅಂತ ಸೂಪರಿಂಟೆಂಡೆಂಟರ ಜೊತೆ ಒಪ್ಪಿಕೊಳ್ಳಿ. ಹಣಕಾಸಿನ ಗುರಿಗೆ ಡಿಸೆಂಬರ್ ಮತ್ತು ಮಾರ್ಚ್ ಮಧ್ಯದಲ್ಲಿ ಬರೋ ಬಜೆಟ್‌ನ ಮಧ್ಯಂತರ ವರದಿಗಳು ಸಿದ್ಧವಾಗೇ ಇವೆ. 'ಸಂವಹನ ಸುಧಾರಿಸಬೇಕು' ಅನ್ನೋ ಥರದ ಗುರಿ ಮೇ ತಿಂಗಳಲ್ಲಿ ಯಾವ ಕೆಲಸಕ್ಕೂ ಬರೋಲ್ಲ.

ಇನ್ನು ಬ್ರೌನ್ ಆ್ಯಕ್ಟ್, ಅಂದರೆ ಇಂಥ ಬೋರ್ಡುಗಳ ಚರ್ಚೆ ಬಹಿರಂಗ ಸಭೆಯಲ್ಲೇ ನಡೀಬೇಕು ಅನ್ನೋ ರಾಜ್ಯದ ಕಾನೂನು. ನೀವು ಒಬ್ಬರ ಜೊತೆ ಮಾತಾಡಿ, ಅವರು ಮೂರನೆಯವರಿಗೆ ದಾಟಿಸಿದರೆ ಐದರಲ್ಲಿ ಮೂರು, ಅಂದರೆ ಬಹುಮತ. ಅದೇ ಅಕ್ರಮ ಸಭೆ. ವಾಟ್ಸಾಪ್ ಆದರೂ, ಇಮೇಲಿನಲ್ಲಿ ಎಲ್ಲರಿಗೂ ಉತ್ತರಿಸಿದರೂ ಅಷ್ಟೇ. ಸೂಪರಿಂಟೆಂಡೆಂಟ್ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ವಿಷಯ ವಿವರಿಸಬಹುದು, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಹೇಳುವಂತಿಲ್ಲ. ಅವರ ಕೆಲಸದ ಬಗ್ಗೆ ಗುಂಪು ಕಟ್ಟೋಕೆ ಹೊರಟರೆ ಮೊದಲು ಸಿಕ್ಕಿಬೀಳೋರು ನೀವೇ.

ತೆಗೆದೇ ಹಾಕೋಣ ಅನ್ನೋರಿಗೆ ಕ್ಯಾಲಿಫೋರ್ನಿಯಾದ್ದೇ ಆರೆಂಜ್ ಯೂನಿಫೈಡ್ ಅನ್ನೋ ಶಾಲಾ ಜಿಲ್ಲೆಯ ಕಥೆ ಸಾಕು. 2023ರ ಜನವರಿಯಲ್ಲಿ, ರಜೆಯ ನಡುವೆ ವಿಶೇಷ ಸಭೆ ಕರೆದು 4-3 ಮತದಿಂದ ಸೂಪರಿಂಟೆಂಡೆಂಟರನ್ನು ತೆಗೆದರು. 2024ರ ಮಾರ್ಚಿನಲ್ಲಿ ಹಾಗೆ ತೆಗೆದವರಲ್ಲಿ ಇಬ್ಬರು ಸದಸ್ಯರನ್ನು ಮತದಾರರೇ ಮತ ಹಾಕಿ ಅವಧಿಗೆ ಮೊದಲೇ ಹುದ್ದೆಯಿಂದ ಇಳಿಸಿದರು. ಈಗ ರಾಜ್ಯದ ಕಾನೂನಿನ ಪ್ರಕಾರ ಸೂಪರಿಂಟೆಂಡೆಂಟರನ್ನು ಕಾರಣ ಕೊಡದೆ ತೆಗೆಯೋದನ್ನು ವಿಶೇಷ ಸಭೆಯಲ್ಲಿ ಮಾಡೋ ಹಾಗಿಲ್ಲ, ಚುನಾವಣೆ ನಂತರದ ಮೊದಲ ಸಭೆಯಿಂದ 30 ದಿನದೊಳಗೂ ಮಾಡೋ ಹಾಗಿಲ್ಲ.

ಈ ವಾರ ಬೋರ್ಡ್ ಅಧ್ಯಕ್ಷರಿಗೆ ಮಾತ್ರ ಇಮೇಲ್ ಬರೆದು, ಸೂಪರಿಂಟೆಂಡೆಂಟರ ಗುರಿಗಳು ಮತ್ತು ಮೌಲ್ಯಮಾಪನದ ವೇಳಾಪಟ್ಟಿಯನ್ನು ಮುಂದಿನ ಮಾಮೂಲಿ ಸಭೆಯ ಅಜೆಂಡಾಗೆ ಸೇರಿಸೋಕೆ ಕೇಳಿ. ಕರಾರಿನ ಪ್ರತಿಯನ್ನೂ ತರಿಸಿಕೊಳ್ಳಿ, ಅದು ಸಾರ್ವಜನಿಕ ದಾಖಲೆ. ಆಮೇಲೆ ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿ, ಪೋಷಕರ ದೂರು ಬಂದರೆ ಯಾರಿಗೆ ಕಳಿಸಲಿ, ಎಷ್ಟು ದಿನದಲ್ಲಿ ಉತ್ತರ ಸಿಗುತ್ತೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.